‘ಇದಕ್ಕೆ ಎಷ್ಟು ಸಿಗುತ್ತದೆ?’ ಎಂದು ಕೇಳಿದ್ದಕ್ಕೆ ನಕ್ಕರು

ಪ್ರಶ್ನೆ: ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಅಜ್ಜ ಬಿಟ್ಟುಹೋದ ತಗಡಿನ ಡಬ್ಬಿಯಲ್ಲಿ 32 ನಾಣ್ಯಗಳಿವೆ. ಹಳೆಯ ಸಂಗ್ರಾಹಕರು ಸೇರುವ ಕೂಟವೊಂದಕ್ಕೆ ಡಬ್ಬಿ ಒಯ್ದು, ನಾಲ್ಕನ್ನು ಆರಿಸಿ ಮೇಜಿನ ಮೇಲಿಟ್ಟು, ಎಷ್ಟು ಸಿಗಬಹುದು ಎಂದು ಕೇಳಿದೆ. 1780ರ ಇಸವಿ ಇರುವ ದೊಡ್ಡ ಬೆಳ್ಳಿ ನಾಣ್ಯ ನೋಡಿದ ಒಬ್ಬರು, ‘1780 ಎಂದು ಬರೆದಿದೆಯಲ್ಲ, ಹಾಗಾದರೆ 1780ರದ್ದಲ್ಲ’ ಎಂದು ನಕ್ಕರು. ಟೂತ್‌ಪೇಸ್ಟ್ ಹಾಕಿ ತಿಕ್ಕಿ ಫಳಫಳ ಮಾಡಿಕೊಂಡು ಹೋಗಿದ್ದ ಇನ್ನೊಂದು ಬೆಳ್ಳಿ ನಾಣ್ಯಕ್ಕೆ, ‘ಕೊಂದುಬಿಟ್ಟಿರಲ್ಲ’ ಎಂದರು. ಮೂರನೆಯದರ ಎರಡೂ ಬದಿಯಲ್ಲಿ ರಾಣಿಯ ತಲೆಯೇ ಇದೆ. ಟಂಕಸಾಲೆಯ ತಪ್ಪಿರಬೇಕು ಎಂದುಕೊಂಡಿದ್ದೆ. ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಹಸಿರು ಪುಡಿ ಹಿಡಿದ ತಾಮ್ರದ ನಾಣ್ಯದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಹೊರಡುವಾಗ ಒಬ್ಬರು ಹಿಂದೆಯೇ ಬಂದು, ‘ಡಬ್ಬಿ ಸಮೇತ ಕೊಡುವುದಾದರೆ ಹೇಳಿ’ ಎಂದರು. ಇವರಿಗೆ ಏನೂ ಗೊತ್ತಿಲ್ಲವೋ, ಗೊತ್ತಿದ್ದೂ ಮುಚ್ಚಿಡುತ್ತಾರೋ? ನನ್ನಂಥ ಹೊಸಬರು ಯಾರನ್ನು ನಂಬಬೇಕು?

ಉತ್ತರ: ಬೇರೆಲ್ಲದಕ್ಕಿಂತ ಮೊದಲು ಆ ಹಸಿರು ಪುಡಿಯ ನಾಣ್ಯವನ್ನು ಡಬ್ಬಿಯಿಂದ ತೆಗೆದು ಒಣಗಿದ ಕಾಗದದಲ್ಲಿ ಸುತ್ತಿ ಬೇರೆ ಇಡಿ. ಮುಂದಿನದನ್ನು ಆಮೇಲೆ ಓದಬಹುದು.

ಇಟ್ಟಿರಾ? ಈಗ ಕೇಳಿ. ನಗು, ಬೈಗುಳ, ತಿರಸ್ಕಾರ, ಮೌನ, ಕೊನೆಗೆ ವ್ಯಾಪಾರ. ಮೂವತ್ತು ವರ್ಷದಿಂದ ನಾಣ್ಯ ಪರೀಕ್ಷಿಸುವುದೇ ನನ್ನ ಕಸುಬು. ಈ ಐದು ಉತ್ತರಗಳಲ್ಲಿ ಒಂದೊಂದನ್ನೂ ನಾನೇ ಯಾರಿಗಾದರೂ ಕೊಟ್ಟಿದ್ದೇನೆ. ಆದ್ದರಿಂದ ನಾನು ಮಾತಾಡುತ್ತಿರುವುದು ಮೇಜಿನ ಆಚೆ ಬದಿಯಿಂದ ಎಂದು ತಿಳಿಯಿರಿ. ನಿಮಗೆ ಉತ್ತರ ಕೊಟ್ಟವರು ಬಹುಮಟ್ಟಿಗೆ ನಿಜವನ್ನೇ ಹೇಳಿದ್ದಾರೆ. ಆದರೆ ಅರ್ಧ ಹೇಳಿ ನಿಲ್ಲಿಸಿದ್ದಾರೆ, ಉಳಿದರ್ಧ ನಿಮಗೆ ಗೊತ್ತಿದೆ ಎಂಬಂತೆ.

1780ರದ್ದನ್ನೇ ನೋಡೋಣ. ತಲೆಗೆ ಮುಸುಕು ಹೊದ್ದ, ತುಂಬು ಮೈಯ ಹೆಂಗಸೊಬ್ಬಳು ಬಲಕ್ಕೆ ಮುಖ ಮಾಡಿದ್ದಾಳೆ, ಎದೆಯ ಕೆಳಗೆ ಎಸ್.ಎಫ್. ಎಂಬ ಎರಡು ರೋಮನ್ ಅಕ್ಷರಗಳಿವೆ, ಹಿಮ್ಮುಖದಲ್ಲಿ ಎರಡು ತಲೆಯ ಹದ್ದು ಇದೆ ಎಂದು ಊಹಿಸುತ್ತೇನೆ. ಹೌದಾದರೆ ಅದು ಆಸ್ಟ್ರಿಯದ ರಾಣಿ ಮರಿಯಾ ತೆರೇಸಾಳ ಮುಖವಿರುವ ‘ಟಾಲರ್’ ಎಂಬ ಬೆಳ್ಳಿ ನಾಣ್ಯ. ಆಕೆ ತೀರಿಕೊಂಡದ್ದು 1780ರ ನವೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಕೆಂಪು ಸಮುದ್ರದ ಎರಡೂ ದಡಗಳ ವ್ಯಾಪಾರಿಗಳಿಗೆ ಈ ನಾಣ್ಯ ಎಷ್ಟು ಒಗ್ಗಿಹೋಗಿತ್ತೆಂದರೆ, ಬೇರೆ ಮುಖದ ಬೆಳ್ಳಿಯನ್ನು ಅವರು ಅನುಮಾನದಿಂದ ನೋಡುತ್ತಿದ್ದರು. ಹೀಗಾಗಿ ಸತ್ತ ರಾಣಿಯ ಮುಖವನ್ನೇ, ಅದೇ ಇಸವಿಯೊಂದಿಗೆ, ಎರಡು ಶತಮಾನಕ್ಕೂ ಹೆಚ್ಚು ಕಾಲ ಒತ್ತುತ್ತಲೇ ಬಂದರು. ವಿಯೆನ್ನಾ ಮಾತ್ರವಲ್ಲ, 20ನೆಯ ಶತಮಾನದಲ್ಲಿ ರೋಮ್, ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಬಾಂಬೆ ಟಂಕಸಾಲೆಗಳಲ್ಲೂ ಇದು ತಯಾರಾಯಿತು. ಹಡಗಿನವರ ಜೇಬಿಗೆ ಇದು ಬರುವುದು ಸಹಜವೇ.

ನಕ್ಕವರ ಮಾತಿನ ಅರ್ಥ ಇದು. ಆದರೆ ಅವರು ಅಲ್ಲಿಗೇ ಬಿಟ್ಟದ್ದು ತಪ್ಪು. ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಒತ್ತಿದ್ದು ಎಂಬುದನ್ನು ರಾಣಿಯ ಭುಜದ ಪದಕದ ಸುತ್ತಲಿನ ಮುತ್ತುಗಳನ್ನು, ಹದ್ದಿನ ಬಾಲದ ಗರಿಗಳನ್ನು ಎಣಿಸಿ ಗುರುತಿಸುವವರಿದ್ದಾರೆ. ತೀರಾ ಮೊದಲಿನವಕ್ಕೂ ಆಮೇಲೆ ಒತ್ತಿದವಕ್ಕೂ ಸಂಗ್ರಾಹಕರ ಕಣ್ಣಿನಲ್ಲಿ ಅಜಗಜಾಂತರ. ‘ಬಹುಪಾಲು ಆಮೇಲೆ ಒತ್ತಿದವೇ, ಆದರೆ ನೋಡಿ ಹೇಳುತ್ತೇನೆ’ ಎನ್ನಬೇಕಿತ್ತು. ಅಚ್ಚುಕಟ್ಟಾದ ನಾಣ್ಯವಾದರೆ ತೂಕ 28.07 ಗ್ರಾಮ್ ಆಸುಪಾಸು ಇರಬೇಕು, ಸಾವಿರದಲ್ಲಿ 833 ಪಾಲು ಬೆಳ್ಳಿ. ಅಂಚಿನ ಸುತ್ತ ‘ನ್ಯಾಯ ಮತ್ತು ಕರುಣೆ’ ಎಂಬರ್ಥದ ಲ್ಯಾಟಿನ್ ಮಾತು ಉಬ್ಬಿದ ಅಕ್ಷರಗಳಲ್ಲಿ ಇರಬೇಕು. ಅಂಚು ಬೋಳಾಗಿದ್ದರೆ ಆಗ ನಕಲಿಯ ಮಾತು ಶುರುವಾಗುತ್ತದೆ.

ಇಸವಿಯ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ಇಸವಿ ಸುಳ್ಳು ಎಂದ ಮಾತ್ರಕ್ಕೆ ನಾಣ್ಯ ಖೋಟಾ ಆಗುವುದಿಲ್ಲ, ಅಗ್ಗವೂ ಆಗುವುದಿಲ್ಲ. ಅಮೆರಿಕದ 1804ರ ಬೆಳ್ಳಿ ಡಾಲರ್‌ಗಳಲ್ಲಿ ಒಂದೂ ಆ ವರ್ಷದ್ದಲ್ಲ. ಮೊದಲನೆಯವನ್ನು 1834ರಲ್ಲಿ ಪರದೇಶದ ಅರಸರಿಗೆ ಉಡುಗೊರೆ ಕೊಡಲೆಂದು ಒತ್ತಿದರು. ಒಟ್ಟು ಗೊತ್ತಿರುವುದು ಇಪ್ಪತ್ತೂ ಇಲ್ಲ. ಶ್ರೀಮಂತ ಸಂಗ್ರಾಹಕರು ಅದಕ್ಕಾಗಿ ಬಾಯಿ ಬಿಡುತ್ತಾರೆ. ಇನ್ನೊಂದು ತುದಿಯಲ್ಲಿ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದು ಹನುಮಂತನ ಚಿತ್ರ ಕೂರಿಸಿದ ತಾಮ್ರದ ಬಿಲ್ಲೆಗಳಿವೆ. ಅವು ಕಂಪನಿಯ ಯಾವ ಟಂಕಸಾಲೆಯಲ್ಲೂ ಹುಟ್ಟಿದ್ದಲ್ಲ, ನಾಣ್ಯವೆಂದು ಯಾರ ಕೈಯಲ್ಲೂ ಓಡಾಡಿದ್ದಲ್ಲ. ಬರೀ ಇಸವಿ ಓದಿ ಇವೆರಡನ್ನೂ ಬೇರ್ಪಡಿಸಲಾಗದು.

ಈಗ ‘ಎಷ್ಟು ಸಿಗುತ್ತದೆ’ ಎಂಬುದಕ್ಕೆ ಬರೋಣ. ಈ ಪ್ರಶ್ನೆ ಕೇಳಿದೊಡನೆ ಹಳಬರ ಮುಖ ಗಂಟಾಗುವುದಕ್ಕೆ ಒಂದು ಕಾರಣ ದುರಹಂಕಾರ. ಅದನ್ನು ನಾನು ಸಮರ್ಥಿಸುವುದಿಲ್ಲ. ಇನ್ನೊಂದು ಕಾರಣ ದಣಿವು. 1943ರಲ್ಲಿ, ಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ, ಅಮೆರಿಕ ತನ್ನ ಒಂದು ಸೆಂಟಿನ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಒತ್ತಿತು. ಹಿಂದಿನ ವರ್ಷದ, ಇನ್ನೂ ಒತ್ತದ ಕಂಚಿನ ಬಿಲ್ಲೆಗಳು ಕೆಲವು ಯಂತ್ರಕ್ಕೆ ಸೇರಿ ಬೆರಳೆಣಿಕೆಯಷ್ಟು ಕಂಚಿನ ನಾಣ್ಯಗಳೂ ಆದವು. ಆ ಸುದ್ದಿ ಹರಡಿದಂದಿನಿಂದ ಉಕ್ಕಿನ ನಾಣ್ಯಕ್ಕೆ ತಾಮ್ರದ ಲೇಪ ಕೊಟ್ಟು ‘ಸಿಕ್ಕಿತು’ ಎಂದು ತರುವವರಿಗೆ ಕೊನೆಯಿಲ್ಲ. ಆಯಸ್ಕಾಂತ ಹಿಡಿದರೆ ಟಕ್ಕನೆ ಅಂಟುತ್ತದೆ, ಕಥೆ ಮುಗಿಯುತ್ತದೆ. ಇಂಥ ನೂರು ಜನರನ್ನು ನಿರಾಶೆಗೊಳಿಸಿದವನಿಗೆ ನೂರ ಒಂದನೆಯವರ ಮುಂದೆ ಮೊದಲ ದಿನದ ತಾಳ್ಮೆ ಉಳಿದಿರುವುದಿಲ್ಲ. ನೀವು ಆ ನೂರ ಒಂದನೆಯವರು. ತಪ್ಪು ನಿಮ್ಮದಲ್ಲ, ಸರದಿ ನಿಮ್ಮದು.

ಮೂರನೆಯ ಕಾರಣ ನಿಜವಾದದ್ದು: ಆ ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರವಿಲ್ಲ. ಹಳೆಯದೆಲ್ಲ ಬೆಲೆಯುಳ್ಳದ್ದು ಎಂಬುದು ಎಲ್ಲ ಭ್ರಮೆಗಳ ತಾಯಿಬೇರು. 2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಬಳಿಯ ಹೊಲದಲ್ಲಿ ಒಂದೇ ಮಡಕೆಯೊಳಗೆ ರೋಮನ್ನರ ಕಾಲದ 52,503 ನಾಣ್ಯಗಳು ಸಿಕ್ಕವು. ಸಾವಿರದ ಏಳುನೂರು ವರ್ಷ ಹಳೆಯವು, ಮತ್ತು ಒಂದೇ ಮಡಕೆಯಲ್ಲಿ ಅರ್ಧ ಲಕ್ಷ! ಬಿಡಿಬಿಡಿಯಾಗಿ ಅಂಥ ಎಷ್ಟೋ ನಾಣ್ಯಗಳನ್ನು ಶಾಲೆಯ ಮಕ್ಕಳೂ ಕೊಳ್ಳಬಹುದು. ಟಂಕಸಾಲೆ ಎಷ್ಟು ಒತ್ತಿತು ಎಂಬ ಲೆಕ್ಕವೂ ಕೈಕೊಡುತ್ತದೆ. ಅಮೆರಿಕದ 20 ಡಾಲರಿನ ಚಿನ್ನದ ನಾಣ್ಯವನ್ನು 1933ರಲ್ಲಿ 4,45,500ರಷ್ಟು ಒತ್ತಿದ್ದರು, ಆದರೆ ಹೆಚ್ಚುಕಡಿಮೆ ಎಲ್ಲವನ್ನೂ ಜನರ ಕೈಗೆ ಕೊಡದೆ ಕರಗಿಸಿಬಿಟ್ಟರು. ಇವತ್ತು ಅದಕ್ಕಿರುವ ಹೆಸರು ಉಳಿದ ಕೆಲವೇ ನಾಣ್ಯಗಳಿಂದ ಬಂದದ್ದು. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿ, ಬೇಕು ಎನ್ನುವವರು ಎಷ್ಟು ಜನ: ಈ ಮೂರೂ ತಿಳಿಯದೆ ಹೇಳಿದ ಅಂಕಿ ಬರೀ ಗಾಳಿಮಾತು. ಮಾರುವವರು ಕೇಳುವ ಬೆಲೆಯೂ ಅಷ್ಟೇ. ಯಾರಾದರೂ ನಿಜವಾಗಿ ಕೊಟ್ಟ ಬೆಲೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಟೂತ್‌ಪೇಸ್ಟಿನ ವಿಷಯ ನಿಮಗೆ ಚುಚ್ಚಿದೆ ಎಂದು ಕಾಣುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೋಳು ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಟನ್‌ಗಟ್ಟಲೆ ಭಾರದಲ್ಲಿ ಹಿಸುಕಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಜರುಗುತ್ತದೆ. ಹಾಗೆ ಜರುಗಿದ್ದರ ಗುರುತಾಗಿ ಕೂದಲೆಳೆಗಿಂತ ಸಣ್ಣ ಗೆರೆಗಳು ಮೈಯೆಲ್ಲ ಉಳಿಯುತ್ತವೆ. ಬಳಸದ ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿ ನೋಡಿ: ಗಾಡಿಯ ಚಕ್ರದ ಅರಗಳಂತೆ ಬೆಳಕಿನ ಪಟ್ಟಿಗಳು ಸುತ್ತುತ್ತವೆ. ಆ ಬೆಳಕನ್ನು ತಿರುಗಿಸುವುದು ಈ ಗೆರೆಗಳೇ. ಟೂತ್‌ಪೇಸ್ಟಿನಲ್ಲಿ ಹಲ್ಲಿನ ಕೊಳೆ ಕೀಳಲೆಂದೇ ಹಾಕಿದ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ಅದು ಗೆರೆಗಳನ್ನು ಸವೆಸಿ, ಅವುಗಳ ಜಾಗದಲ್ಲಿ ತನ್ನದೇ ಗೀರುಗಳನ್ನು ಎಳೆಯುತ್ತದೆ. ನಿಮಗೆ ಕಂಡ ಫಳಫಳ ಆ ಗೀರುಗಳದ್ದು. ಭೂತಗನ್ನಡಿಯಲ್ಲಿ ಅದು ನೆಲ ಒರೆಸಿದ ಬಟ್ಟೆಯ ಗುರುತಿನಂತೆ ಕಾಣುತ್ತದೆ.

ನೀವು ತೆಗೆದ ಕಪ್ಪು ಕೂಡ ಮೇಲೆ ಕೂತ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶದೊಂದಿಗೆ ಬೆಳ್ಳಿ ಕೂಡಿ ಆದ ತೆಳು ಪದರ ಅದು. ಅದನ್ನು ಕಿತ್ತಾಗ ಜೊತೆಯಲ್ಲಿ ಬೆಳ್ಳಿಯೇ ಹೋಗುತ್ತದೆ. ಆ ಪದರ ತೀರಾ ತೆಳುವಾಗಿದ್ದಾಗ ನೀರ ಮೇಲಿನ ಎಣ್ಣೆಯಂತೆ ಹಳದಿ, ನೇರಳೆ, ನೀಲಿ ಬಣ್ಣಗಳು ಮೂಡುತ್ತವೆ, ಅದಕ್ಕೆ ಮರುಳಾಗಿ ಹೆಚ್ಚು ಕೊಡುವವರೂ ಇದ್ದಾರೆ. (ನನಗೆ ಆ ಹುಚ್ಚಿಲ್ಲ.) ‘ಕೊಂದುಬಿಟ್ಟಿರಿ’ ಎಂಬುದು ಮಾತ್ರ ಅತಿಯಾಯಿತು. ನಾಣ್ಯದಲ್ಲಿ ಬೆಳ್ಳಿ ಇದೆ, ಹೆಸರು ಇಸವಿ ಇದೆ, ಅಜ್ಜನ ನೆನಪಿದೆ. ಹೋದದ್ದು ಸಂಗ್ರಾಹಕ ಹೆಚ್ಚುವರಿಯಾಗಿ ಕೊಡುತ್ತಿದ್ದ ಭಾಗ. ಅದು ಮೊದಲೇ ಸವೆದ ನಾಣ್ಯವಾಗಿದ್ದರೆ ಆ ಭಾಗವೂ ದೊಡ್ಡದಿರಲಿಲ್ಲ. ಬೈದವರನ್ನು ‘ನೀವು ಮೊದಲು ಹಾಳು ಮಾಡಿದ ನಾಣ್ಯ ಯಾವುದು?’ ಎಂದು ಒಮ್ಮೆ ಕೇಳಿ ನೋಡಿ. ನನ್ನದು ನಿಂಬೆರಸದಲ್ಲಿ ರಾತ್ರಿಯೆಲ್ಲ ನೆನೆಸಿಟ್ಟ ತಾಮ್ರದ ಕಾಸು. ಬೆಳಗ್ಗೆ ಸುಲಿದ ಗಜ್ಜರಿಯ ಬಣ್ಣಕ್ಕೆ ತಿರುಗಿತ್ತು. ಈಗ ಉಳಿದವನ್ನು ಏನೂ ಮಾಡದೆ ಬಿಡಿ. ನೀರಲ್ಲಿ ತೊಳೆದು ಬಟ್ಟೆಯಿಂದ ಉಜ್ಜಿ ಒರೆಸುವುದೂ ಬೇಡ.

ಎರಡು ತಲೆಯ ನಾಣ್ಯಕ್ಕೆ ಅರ್ಧ ನಿಮಿಷ ಸಾಕು. ಟಂಕಸಾಲೆಯಲ್ಲಿ ಎರಡೂ ಬದಿಗೆ ಒಂದೇ ಅಚ್ಚು ಬೀಳುವುದು ಅಪರೂಪದಲ್ಲಿ ಅಪರೂಪ. ಜಾದೂಗಾರರಿಗಾಗಿ ಮಾಡಿದವು ಮಾತ್ರ ಹೇರಳ: ಒಂದು ನಾಣ್ಯದ ಒಳಗನ್ನು ಲೇತ್ ಯಂತ್ರದಲ್ಲಿ ಬಟ್ಟಲಿನಂತೆ ಕೊರೆದು, ಇನ್ನೊಂದನ್ನು ತೆಳುವಾಗಿ ಸವೆಸಿ, ಅದರೊಳಗೆ ಕೂರಿಸುತ್ತಾರೆ. ಒಂದು ಬದಿಯಲ್ಲಿ, ಏರಿದ ಅಂಚಿನ ಒಳಮಗ್ಗುಲಿಗೆ ತಾಗಿಕೊಂಡು, ಉಗುರಿಗೂ ಸಿಕ್ಕದಷ್ಟು ಸಣ್ಣ ಬೆಸುಗೆಯ ಸುತ್ತುಗೆರೆ ಇರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಕನ್ನಡಿಯಲ್ಲಿ ಹುಡುಕಿ. ಜೊತೆಗೆ ಅಂಥದೇ ಸಾಮಾನ್ಯ ನಾಣ್ಯದೊಂದಿಗೆ ತೂಗಿ ನೋಡಿ, ಮರದ ಮೇಜಿನ ಮೇಲೆ ಬೀಳಿಸಿ ಸದ್ದು ಕೇಳಿ. ಕೂಡಿಸಿದ್ದು ಮಂದವಾಗಿ ‘ಟಪ್’ ಎನ್ನುತ್ತದೆ. ಆ ಸುತ್ತುಗೆರೆಯನ್ನು ನಿಮಗೆ ತೋರಿಸದೆ ಮುಖ ತಿರುಗಿಸಿದ್ದನ್ನು ನಾನು ಕ್ಷಮಿಸಲಾರೆ. ಗೆರೆ ಕಂಡಿದ್ದರೆ ನೀವು ಮರುದಿನವೇ ಹತ್ತು ಜನರಿಗೆ ತೋರಿಸುತ್ತಿದ್ದಿರಿ.

ಹಸಿರು ನಾಣ್ಯದ ಬಗ್ಗೆ ಸುಮ್ಮನಿದ್ದದ್ದಕ್ಕೆ ನನ್ನ ಊಹೆ ಎಂದರೆ, ಯಾರಿಗೂ ಖಚಿತವಿರಲಿಲ್ಲ. ಗೊತ್ತಿಲ್ಲ ಎನ್ನುವುದು ನಮ್ಮ ಕೂಟಗಳಲ್ಲಿ ಕಷ್ಟದ ಮಾತು. ತಾಮ್ರದ ಮೇಲೆ ಹಸಿರು ಮೂರು ಬಗೆಯಲ್ಲಿ ಬರುತ್ತದೆ. ನುಣ್ಣಗೆ, ಗಟ್ಟಿಯಾಗಿ, ಮೈಗೆ ಅಂಟಿಕೊಂಡ ಕಡುಹಸಿರು ಹಳೆಯ ಕಿಲುಬು. ಅದು ನಾಣ್ಯವನ್ನು ಕಾಯುತ್ತದೆ, ಮುಟ್ಟಬೇಡಿ. ಅಂಟಂಟಾಗಿ ಜಿಡ್ಡಿನಂತಿದ್ದರೆ ಅದು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದರ ಫಲ. ಶುದ್ಧ ಅಸಿಟೋನ್‌ನಲ್ಲಿ ಅದ್ದಿದರೆ ಬಿಡುತ್ತದೆ. ಆದರೆ ಗಾಜಿನ ಪಾತ್ರೆ, ತೆರೆದ ಕಿಟಕಿ, ಹತ್ತಿರದಲ್ಲಿ ಬೆಂಕಿಯ ಕಿಡಿಯೂ ಇರದ ಜಾಗ ಬೇಕು, ಉಗುರುಬಣ್ಣ ತೆಗೆಯುವ ದ್ರವ ಸಲ್ಲದು. ಮೂರನೆಯದು ತಿಳಿಹಸಿರು ಪುಡಿ. ಹಲ್ಲುಕಡ್ಡಿಯಲ್ಲಿ ಮುಟ್ಟಿದರೆ ಉದುರುತ್ತದೆ, ಕೆಳಗೆ ಚಿಕ್ಕ ಗುಳಿ ಕಾಣುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಇದನ್ನು ‘ಕಂಚಿನ ರೋಗ’ ಎನ್ನುತ್ತಾರೆ. ಹೆಸರು ರೋಗವಾದರೂ ಕ್ರಿಮಿಯ ಕೆಲಸವಲ್ಲ. ಉಪ್ಪಿನಿಂದ ಲೋಹದೊಳಗೆ ಸೇರಿದ ಕ್ಲೋರೈಡ್ ತೇವ ಸಿಕ್ಕಾಗಲೆಲ್ಲ ತಾಮ್ರವನ್ನು ತಿನ್ನುತ್ತದೆ. ಹಡಗಿನಲ್ಲಿದ್ದ ಅಜ್ಜನ ಡಬ್ಬಿ ಎಂದಿರಿ, ಸಮುದ್ರದ ಗಾಳಿಯಲ್ಲಿ ವರ್ಷಗಟ್ಟಲೆ ಇದ್ದಿರಬೇಕು, ಅದಕ್ಕೇ ಮೊದಲ ಸಾಲಿನಲ್ಲಿ ಆ ಅವಸರ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬದಲ್ಲಿಡಿ. ಅದರಿಂದ ಇದು ನಿಧಾನವಾಗುತ್ತದೆ, ವಾಸಿಯಾಗುವುದಿಲ್ಲ. ವಾಸಿ ಮಾಡುವ ರಾಸಾಯನಿಕಗಳಲ್ಲಿ ಕೆಲವು ವಿಷ. ಅದು ಸಂರಕ್ಷಣಾ ತಜ್ಞರ ಕೆಲಸ, ನಾಣ್ಯ ಅಷ್ಟಕ್ಕೆ ಬಾಳುತ್ತದೆಯೇ ಎಂದು ನೋಡಿ ಮಾಡಿಸಬೇಕಾದದ್ದು.

ಇನ್ನು ಯಾರನ್ನು ನಂಬಬೇಕು ಎಂಬುದು. ಹಳಬರೆಲ್ಲ ಬೆಲೆ ಮುಚ್ಚಿಟ್ಟು ಹೊಡೆಯುವವರು ಎಂಬುದು ಸುಳ್ಳು. ಯಾರೂ ಹಾಗಿಲ್ಲ ಎಂಬುದು ಅದಕ್ಕಿಂತ ದೊಡ್ಡ ಸುಳ್ಳು. ಒಂದು ಗುರುತು ಹೇಳುತ್ತೇನೆ: ‘ಇದು ಏನು?’ ಎಂದು ಹೇಳದೆ ‘ಇದನ್ನು ಕೊಡುತ್ತೀರಾ?’ ಎಂದು ಕೇಳುವವರಿಗೆ ಕೊಡಬೇಡಿ. ಒಂದೇ ನಾಣ್ಯವನ್ನು ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ವ್ಯಾಪಾರಿಗಳಿಗೆ ತೋರಿಸಿ, ಕಾರಣ ಸಹಿತ ಹೇಳಲು ಕೇಳಿ. ವ್ಯಾಪಾರಿ ತನ್ನ ಲಾಭ ಇಟ್ಟುಕೊಂಡೇ ಕೊಳ್ಳುತ್ತಾನೆ, ಅದು ಮೋಸವಲ್ಲ. ದುಡ್ಡು ಕೂಡಲೇ ಕೈಗೆ ಬರುತ್ತದೆ ಎಂಬುದರ ಬೆಲೆ ಅದು. ಹರಾಜಿನಲ್ಲಿ ಪೈಪೋಟಿ ಬಿದ್ದರೆ ಹೆಚ್ಚು ಬರಬಹುದು, ಆದರೆ ಕಮಿಷನ್ ಇದೆ, ತಿಂಗಳುಗಟ್ಟಲೆ ಕಾಯುವುದಿದೆ, ಯಾರೂ ಕೂಗದ ದಿನವೂ ಇದೆ. ನಾಣ್ಯದ ಅಸಲಿತನ ನೋಡಿ 1ರಿಂದ 70ರವರೆಗೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಹಾಕಿ ಕೊಡುವ ಸಂಸ್ಥೆಗಳೂ ಇವೆ. ಸಾಮಾನ್ಯ ನಾಣ್ಯಕ್ಕೆ ಅವರ ಶುಲ್ಕವೇ ನಾಣ್ಯವನ್ನು ಮೀರುತ್ತದೆ. ತಿಕ್ಕಿ ತೊಳೆದ ನಾಣ್ಯಕ್ಕೆ ದರ್ಜೆಯ ಬದಲು ‘ತೊಳೆದದ್ದು’ ಎಂಬ ಷರಾ ಬೀಳುತ್ತದೆ. ನಿಮ್ಮ ನಾಲ್ಕರಲ್ಲಿ ಯಾವುದನ್ನೂ ಸದ್ಯಕ್ಕೆ ನಾನು ಅಲ್ಲಿಗೆ ಕಳುಹಿಸುವುದಿಲ್ಲ.

ಕೇಳುವ ಬಗೆಯನ್ನೂ ಸ್ವಲ್ಪ ಬದಲಿಸಿ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಒಂದು ನಾಣ್ಯ ತಂದು, ರಾಜನ ಗಲ್ಲದಿಂದ ಅಂಚಿನವರೆಗೆ ಹರಿದ ಗೆರೆಯೊಂದನ್ನು ತೋರಿಸಿ ಎಷ್ಟು ಸಿಗುತ್ತದೆ ಎಂದ. ನಾನು ತಲೆಯೆತ್ತದೆ ‘ಗೀರು, ಏನೂ ಸಿಗುವುದಿಲ್ಲ’ ಎಂದೆ. ಮುಂದಿನ ತಿಂಗಳು ಮತ್ತೆ ಬಂದ. ‘ಗೀರಾದರೆ ತಗ್ಗಾಗಿರಬೇಕಲ್ಲ ಸರ್? ಇದು ಉಬ್ಬಿದೆ. ಉಗುರಿಗೆ ಸಿಗುತ್ತದೆ’ ಎಂದ. ಕನ್ನಡಿ ಹಿಡಿದು ನೋಡಿದರೆ ಅವನೇ ಸರಿ. ಅಚ್ಚು ಬಿರುಕು ಬಿಟ್ಟಿತ್ತು. ಒತ್ತುವಾಗ ಲೋಹ ಆ ಬಿರುಕಿನೊಳಗೆ ನುಗ್ಗಿ ಉಬ್ಬುಗೆರೆಯಾಗಿ ನಿಂತಿತ್ತು. ಅವನಿಗೆ ದುಡ್ಡೇನೂ ಹರಿದುಬರಲಿಲ್ಲ. ಆದರೆ ಅಂದು ಎರಡು ಗಂಟೆ ನಾವು ಅಚ್ಚುಗಳ ಬಗ್ಗೆಯೇ ಮಾತಾಡಿದೆವು. ಅವನ ಎರಡನೆಯ ಪ್ರಶ್ನೆಯಂಥದ್ದನ್ನು ಕೇಳಿದರೆ ಎಂಥ ಸಿಡುಕನೂ ಕುರ್ಚಿ ಎಳೆದು ಕೂರಿಸುತ್ತಾನೆ.

ನೀವು ಮಾಡಬೇಕಾದದ್ದು: ಒಂದು ಗ್ರಾಮಿನ ನೂರನೆಯ ಭಾಗದವರೆಗೆ ತೋರಿಸುವ ಚಿಕ್ಕ ತಕ್ಕಡಿ, ಆಯಸ್ಕಾಂತ, ಭೂತಗನ್ನಡಿ ತಂದುಕೊಂಡು ಪ್ರತಿ ನಾಣ್ಯದ ತೂಕ, ಅಗಲ, ಬರಹ ಬರೆದಿಡಿ. ಎರಡೂ ಮುಖದ ಜೊತೆ ಅಂಚಿನ ಚಿತ್ರವನ್ನೂ ತೆಗೆಯಿರಿ. ಹೊಸಬರು ಅಂಚನ್ನು ಮರೆಯುತ್ತಾರೆ, ಎರಕ ಹೊಯ್ದ ನಕಲಿಯ ಬೆಸುಗೆ ಸಿಕ್ಕಿಬೀಳುವುದು ಬಹಳ ಸಲ ಅಲ್ಲೇ.

ಹೀಗೆ ಬರೆಯುವಾಗ 32ನ್ನೂ ಬರೆಯಿರಿ. ನೀವು ಮೇಜಿನ ಮೇಲಿಟ್ಟ ನಾಲ್ಕು ಯಾರ ಕಣ್ಣಿಗಾದರೂ ಮೊದಲು ಬೀಳುವಂಥವು: ದೊಡ್ಡದು, ಹೊಳೆಯುವುದು, ವಿಚಿತ್ರದ್ದು, ಹಸಿರಾದದ್ದು. ಆ ನಾಲ್ಕಕ್ಕಾಗಿ ಯಾರೂ ಬಾಗಿಲವರೆಗೆ ಹಿಂಬಾಲಿಸಿ ಬರುವುದಿಲ್ಲ. ಅವರು ಡಬ್ಬಿ ಸಮೇತ ಕೇಳಿದರು ಎಂದಿದ್ದೀರಿ. ನೀವು ಮಾತಾಡುತ್ತಿದ್ದಾಗ ಡಬ್ಬಿಯ ಮುಚ್ಚಳ ತೆರೆದಿತ್ತೇ? ಅವರು ಯಾವ ಬದಿಯಲ್ಲಿ ನಿಂತಿದ್ದರು? ನೆನಪು ಮಾಡಿಕೊಂಡು, ಉಳಿದ 28ರ ಚಿತ್ರಗಳೊಂದಿಗೆ ಬರೆಯಿರಿ. ಅಲ್ಲಿಯವರೆಗೆ ಅವರಿಗೆ ಏನೂ ಹೇಳಬೇಡಿ.